ಶಾಲೆಯಲ್ಲಿ ವಿಶೇಷ ಅಗತ್ಯದ ಮಗುವಿಗೆ ಐಇಪಿ: ಬರೆಸುವುದು, ನಡೆಸುವುದು, ಅಳೆಯುವುದು

ಮೂರನೇ ತರಗತಿ ಮುಗಿಯುತ್ತ ಬಂದರೂ ಮಗುವಿಗೆ ಕಾಗುಣಿತ ಹತ್ತಿಲ್ಲ, ಮಾತು ತಡವಾಗಿದೆ, ಬೋರ್ಡಿನ ಮೇಲಿನದು ಕಾಣುತ್ತಿಲ್ಲ ಎಂದಾಗ ಮನೆಯವರಿಗೆ ಸಿಗುವ ಮೊದಲ ಸಲಹೆ ‘ಸರ್ಟಿಫಿಕೇಟ್ ಮಾಡಿಸಿ’ ಎಂಬುದು. ಸಲಹೆ ತಪ್ಪಲ್ಲ, ಆದರೆ ಅರ್ಧ. ಕರ್ನಾಟಕದ ಶಾಲೆಗಳಲ್ಲಿ ಈ ಮಕ್ಕಳಿಗೆ ಎರಡು ಬೇರೆ ಬೇರೆ ದಾರಿಗಳಿವೆ. ಒಂದು ಆಸ್ಪತ್ರೆಯ ಮೂಲಕ ಸಾಗುವ ಅಂಗವೈಕಲ್ಯ ಪ್ರಮಾಣಪತ್ರ ಮತ್ತು ಯುಡಿಐಡಿ ಕಾರ್ಡಿನ (ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿ) ದಾರಿ. ವಿದ್ಯಾರ್ಥಿವೇತನ, ಪರೀಕ್ಷಾ ರಿಯಾಯಿತಿ, ಮುಂದೆ ಮೀಸಲಾತಿ ಎಲ್ಲ ಅದರ ಬೆನ್ನಿಗೆ ಬರುತ್ತವೆ. ಇನ್ನೊಂದು, ತರಗತಿಯೊಳಗೆ ಈ ಮಗುವಿಗೆ ಏನನ್ನು, ಯಾರು, ದಿನಕ್ಕೆ ಎಷ್ಟು ಹೊತ್ತು ಕಲಿಸಬೇಕು ಎಂದು ಬರೆದಿಡುವ ವೈಯಕ್ತಿಕ ಶೈಕ್ಷಣಿಕ ಯೋಜನೆ. ಶಿಕ್ಷಕರ ಬಾಯಲ್ಲಿ ‘ಐಇಪಿ’. ಮೊದಲನೆಯದಕ್ಕೆ ತಿಂಗಳುಗಟ್ಟಲೆ ಹಿಡಿಯಬಹುದು. ಎರಡನೆಯದಕ್ಕೆ ಆ ಕಾರ್ಡು ಬೇಕಾಗಿಲ್ಲ. ಇದೇ ವಾರ ಶುರು ಮಾಡಬಹುದು. ಕಾರ್ಡು ಬರಲಿ ಆಮೇಲೆ ನೋಡೋಣ ಎಂದು ಇಡೀ ವರ್ಷ ಕಳೆದುಕೊಳ್ಳುವ ಮನೆಗಳು ಬಹಳ. ಆದ್ದರಿಂದ ಎರಡೂ ದಾರಿಯನ್ನು ಒಟ್ಟಿಗೆ ಹಿಡಿಯಿರಿ.

ಕಾನೂನಿನಲ್ಲಿ ಇರುವುದು, ಇಲ್ಲದಿರುವುದು

ಅಂಗವಿಕಲರ ಹಕ್ಕುಗಳ ಅಧಿನಿಯಮ 2016ರಲ್ಲಿ ಬಂತು, 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಅದು 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸುತ್ತದೆ. ಆಟಿಸಂ, ಬೌದ್ಧಿಕ ಅಸಾಮರ್ಥ್ಯ, ನಿರ್ದಿಷ್ಟ ಕಲಿಕಾ ನ್ಯೂನತೆ (ಡಿಸ್ಲೆಕ್ಸಿಯಾದಂಥ ಓದು, ಬರಹ, ಲೆಕ್ಕದ ತೊಡಕು) ಎಲ್ಲವೂ ಅದರಲ್ಲಿ ಸೇರಿವೆ. ಶಾಲೆಯ ಮಟ್ಟಿಗೆ ಮುಖ್ಯವಾದದ್ದು 16ನೇ ಸೆಕ್ಷನ್. ಭೇದವಿಲ್ಲದೆ ದಾಖಲು ಮಾಡಿಕೊಳ್ಳುವುದು, ಮಗುವಿಗೆ ಬೇಕಾದ ವೈಯಕ್ತಿಕ ಬೆಂಬಲ ಕೊಡುವುದು, ಕಲಿಕಾ ನ್ಯೂನತೆಯನ್ನು ಬೇಗ ಪತ್ತೆ ಹಚ್ಚುವುದು, ಪ್ರತಿ ಮಗುವಿನ ಪ್ರಗತಿಯ ಮೇಲೆ ಕಣ್ಣಿಡುವುದು ಅದರೊಳಗಿವೆ. ಸರ್ಕಾರಿ ಶಾಲೆಗೆ ಮಾತ್ರವಲ್ಲ, ಸರ್ಕಾರದ ಮಾನ್ಯತೆ ಪಡೆದ ಖಾಸಗಿ ಶಾಲೆಗೂ ಇದು ಅನ್ವಯ. 31ನೇ ಸೆಕ್ಷನ್ ಪ್ರಕಾರ ಶೇ. 40 ಅಥವಾ ಹೆಚ್ಚಿನ ಅಂಗವೈಕಲ್ಯವಿರುವ 6ರಿಂದ 18 ವರ್ಷದ ಮಗುವಿಗೆ ನೆರೆಯ ಶಾಲೆಯಲ್ಲೋ ತನ್ನ ಆಯ್ಕೆಯ ವಿಶೇಷ ಶಾಲೆಯಲ್ಲೋ ಉಚಿತ ಶಿಕ್ಷಣದ ಹಕ್ಕಿದೆ. ಸಾಮಾನ್ಯ ಆರ್‌ಟಿಇ ಹಕ್ಕು 14 ವರ್ಷಕ್ಕೆ ನಿಲ್ಲುತ್ತದೆ ಎಂಬುದನ್ನು ನೆನಪಿಟ್ಟರೆ ಈ 18ರ ಬೆಲೆ ಗೊತ್ತಾಗುತ್ತದೆ.

ಆದರೆ ಐಇಪಿಯನ್ನು ಇಷ್ಟು ದಿನದೊಳಗೆ ಬರೆಯಬೇಕು, ಪೋಷಕರ ಸಹಿ ಬೇಕು, ವರ್ಷಕ್ಕೊಮ್ಮೆ ಸಭೆ ಆಗಬೇಕು ಎಂಬ ಕಟ್ಟಳೆ ಈ ಅಧಿನಿಯಮದಲ್ಲಿ ಎಲ್ಲೂ ಇಲ್ಲ. ಅಮೆರಿಕದಲ್ಲಿರುವ ನಂಟರು ‘ನಮ್ಮಲ್ಲಿ ಶಾಲೆಯವರೇ ಕರೆದು ಐಇಪಿ ಮಾಡುತ್ತಾರೆ’ ಎಂದರೆ ಅದು ನಿಜ. ಅಲ್ಲಿ ಅದು ಶಾಲೆಯನ್ನು ಕಟ್ಟಿಹಾಕುವ ಕಾನೂನು ದಾಖಲೆ. ಇಲ್ಲಿ ಅದು ಒಳ್ಳೆಯ ಪದ್ಧತಿ, ಅಷ್ಟೇ. ಹಾಗಾಗಿ ದಿನಾಂಕ, ಸಹಿ, ಪ್ರತಿ ಇವನ್ನೆಲ್ಲ ನೀವೇ ಕೇಳಿ ಪಡೆಯಬೇಕು.

ಯಾರು ಯಾರು

ಸರ್ಕಾರಿ ಮತ್ತು ಅನುದಾನಿತ ಶಾಲೆಯಾದರೆ ತಾಲ್ಲೂಕಿನ ಬಿಆರ್‌ಸಿ (ಕ್ಷೇತ್ರ ಸಂಪನ್ಮೂಲ ಕೇಂದ್ರ) ಕಚೇರಿಯಲ್ಲಿರುವ ಬಿಐಇಆರ್‌ಟಿ, ಅಂದರೆ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರು, ನಿಮ್ಮ ಮುಖ್ಯ ಸಂಪರ್ಕ. ಮೌಲ್ಯಾಂಕನ ಮಾಡುವುದು, ಯೋಜನೆ ಬರೆಯಲು ಕೈಜೋಡಿಸುವುದು, ವೈದ್ಯಕೀಯ ತಪಾಸಣಾ ಶಿಬಿರಕ್ಕೆ ಹೆಸರು ಸೇರಿಸುವುದು ಅವರ ಕೆಲಸ. ಒಬ್ಬೊಬ್ಬರಿಗೂ ಅನೇಕ ಶಾಲೆಗಳಿರುತ್ತವೆ. 2021ರ ಅಕ್ಟೋಬರ್ 28ರಂದು ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಪ್ರಾಥಮಿಕ ಹಂತದಲ್ಲಿ 10 ವಿಶೇಷ ಅಗತ್ಯದ ಮಕ್ಕಳಿಗೆ ಒಬ್ಬ, ಅದರ ಮೇಲಿನ ಹಂತದಲ್ಲಿ 15 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕ ಎಂಬ ಅನುಪಾತ ಹೇಳಿತು. ಆ ಮಟ್ಟ ಮುಟ್ಟುವತನಕ ದಿನನಿತ್ಯ ಮಗುವಿಗೆ ಕಲಿಸುವವರು ತರಗತಿ ಶಿಕ್ಷಕರೇ. ‘ಬಿಐಇಆರ್‌ಟಿ ಬಂದಾಗ ಕಲಿಸುತ್ತಾರೆ’ ಎಂದು ಬರೆದ ಯೋಜನೆ ಸತ್ತಂತೆಯೇ ಸರಿ.

ಹಳ್ಳಿಯಲ್ಲಾದರೆ ಗ್ರಾಮ ಪಂಚಾಯಿತಿಯ ವಿಆರ್‌ಡಬ್ಲ್ಯು, ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಕಾರ್ಡು ಮತ್ತು ಮಾಸಾಶನದ ಅರ್ಜಿಗೆ ನೆರವಾಗುತ್ತಾರೆ. ಖಾಸಗಿ ಶಾಲೆಯಾದರೆ ಅಲ್ಲಿನ ಸ್ಪೆಷಲ್ ಎಜುಕೇಟರ್‌ಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇದೆಯೇ ಕೇಳಿ. ಅದಕ್ಕೆ ಸಿಆರ್‌ಆರ್ ಸಂಖ್ಯೆ ಎನ್ನುತ್ತಾರೆ. ಕೇಳುವುದರಲ್ಲಿ ಅವಮಾನವೇನಿಲ್ಲ; ನೋಂದಣಿ ಇರುವವರು ತಟ್ಟನೆ ಹೇಳುತ್ತಾರೆ. ಎರಡು ವಾರದ ಕೋರ್ಸು ಮುಗಿಸಿ ‘ರೆಮಿಡಿಯಲ್ ಟೀಚರ್’ ಎಂದು ಕರೆದುಕೊಳ್ಳುವವರೂ ಇದ್ದಾರೆ.

ಮೊದಲ ಪತ್ರ

ಬಾಯಿಮಾತಿನ ದೂರು ಸ್ಟಾಫ್ ರೂಮಿನಲ್ಲೇ ಕರಗುತ್ತದೆ. ಮುಖ್ಯ ಶಿಕ್ಷಕರಿಗೆ ಅರ್ಧ ಪುಟದ ಪತ್ರ ಕೊಡಿ, ಇನ್ನೊಂದು ಪ್ರತಿಯ ಮೇಲೆ ಸ್ವೀಕೃತಿಯ ಸಹಿ, ಮೊಹರು, ದಿನಾಂಕ ಹಾಕಿಸಿಕೊಳ್ಳಿ. ಪತ್ರದಲ್ಲಿ ರೋಗದ ಹೆಸರು ಬೇಡ, ಕಂಡದ್ದು ಬೇಕು. ‘ಮಗನಿಗೆ ಡಿಸ್ಲೆಕ್ಸಿಯಾ ಇರಬಹುದು’ ಎನ್ನುವುದಕ್ಕಿಂತ ‘ನಾಲ್ಕನೇ ತರಗತಿಯಲ್ಲಿದ್ದಾನೆ, ಒತ್ತಕ್ಷರ ಬಿಟ್ಟು ಓದುತ್ತಾನೆ, ಬೋರ್ಡಿನಿಂದ ನಕಲು ಮಾಡಲು ಉಳಿದವರಿಗಿಂತ ದುಪ್ಪಟ್ಟು ಹೊತ್ತು ಬೇಕು, ಬಾಯಲ್ಲಿ ಕೇಳಿದರೆ ಸರಿ ಉತ್ತರ ಕೊಡುತ್ತಾನೆ’ ಎಂದು ಬರೆದರೆ ಶಿಕ್ಷಕರಿಗೆ ಹಿಡಿಯಲು ಏನೋ ಸಿಗುತ್ತದೆ. ಕೊನೆಗೆ ಮೂರು ಕೋರಿಕೆ: ಪ್ರಶಸ್ತ್ ತಪಾಸಣೆ, ಬಿಐಇಆರ್‌ಟಿ ಭೇಟಿ, ಒಂದು ಸಭೆಯ ದಿನಾಂಕ. ಪ್ರಶಸ್ತ್ ಎಂಬುದು ಎನ್‌ಸಿಇಆರ್‌ಟಿ ಮಾಡಿದ ತಪಾಸಣಾ ಪಟ್ಟಿ. ಅದರ ಮೊದಲ ಭಾಗವನ್ನು ಸಾಮಾನ್ಯ ತರಗತಿ ಶಿಕ್ಷಕರೇ ತುಂಬಬಹುದು. ಅದು ರೋಗ ನಿರ್ಣಯವಲ್ಲ, ಮುಂದೆ ಯಾರ ಬಳಿ ಕಳಿಸಬೇಕು ಎಂಬ ಸೂಚನೆ ಮಾತ್ರ.

ಇದೇ ಹೊತ್ತಿಗೆ ಕಣ್ಣು, ಕಿವಿ ಎರಡನ್ನೂ ತೋರಿಸಿ. ಸೋಂಬೇರಿ ಎಂದು ಬೈಸಿಕೊಂಡ ಮಗುವಿನ ಕಿವಿಯಲ್ಲಿ ಸೋರಿಕೆ ಇರುವುದು, ಕನ್ನಡಕ ಬೇಕಿರುವುದು ಹೊಸದೇನಲ್ಲ. ಇವೆರಡೂ ಕಾರಣವಲ್ಲ ಎಂದು ಖಚಿತವಾಗದೆ ಕಲಿಕಾ ನ್ಯೂನತೆ ಎನ್ನಲಾಗದು.

ಈಗ ಎಲ್ಲಿದ್ದಾನೆ

ಯೋಜನೆಯ ಅಡಿಪಾಯ ಮಗುವಿನ ಈಗಿನ ಮಟ್ಟ. ಇದನ್ನು ಅಂದಾಜಿನಲ್ಲಿ ಬರೆದರೆ ಮುಂದಿನದೆಲ್ಲ ಅಂದಾಜೇ. ಕನ್ನಡ ಓದಿಗೆ ಹೀಗೆ ಮಾಡಿ: ಮಗು ಹಿಂದೆ ನೋಡಿರದ, ಎರಡನೇ ತರಗತಿ ಮಟ್ಟದ ಸುಮಾರು 60 ಪದಗಳ ಗದ್ಯ ತೆಗೆದುಕೊಳ್ಳಿ. ಒಂದು ನಿಮಿಷ ಗಟ್ಟಿಯಾಗಿ ಓದಿಸಿ, ಸರಿಯಾಗಿ ಓದಿದ ಪದಗಳನ್ನು ಎಣಿಸಿ. ಬೇರೆ ಬೇರೆ ಗದ್ಯ ಕೊಟ್ಟು ಮೂರು ದಿನ ಹೀಗೆ ಮಾಡಿ, ನಡುವಿನ ಅಂಕಿಯನ್ನು ಬರೆದಿಡಿ. ಒಂದೇ ದಿನದ ಅಂಕಿ ನಂಬಬೇಡಿ. ಹಸಿವು, ನಿದ್ದೆ, ಬೆದರು ಎಲ್ಲ ಅದರಲ್ಲಿ ಬೆರೆತಿರುತ್ತವೆ.

ಆಮೇಲೆ 20 ಪದಗಳ ಉಕ್ತಲೇಖನ: 5 ಸರಳ ಪದ (ಮರ, ಗಿಡವಲ್ಲ, ಗಿಡದಲ್ಲಿ ಆಗಲೇ ಗುಣಿತವಿದೆ), 5 ಗುಣಿತದ ಪದ, ಅಕ್ಕ, ಅಮ್ಮ, ಬೆಲ್ಲದಂಥ 5 ಸಜಾತೀಯ ಒತ್ತಿನ ಪದ, ಅಗ್ನಿ, ಪುಸ್ತಕದಂಥ 5 ವಿಜಾತೀಯ ಒತ್ತಿನ ಪದ. ತಪ್ಪುಗಳನ್ನು ಕೂಡಿಸಿ 20ಕ್ಕೆ ಇಷ್ಟು ಎಂದು ಬಿಡಬೇಡಿ, ಬಗೆ ನೋಡಿ. ಹ್ರಸ್ವ–ದೀರ್ಘ ತಪ್ಪುತ್ತಿದೆಯೇ? ಪ, ಷ, ವ, ಮ ಅದಲು ಬದಲಾಗುತ್ತಿವೆಯೇ? ದ–ಧ, ಬ–ಭ? ಒತ್ತು ಪೂರ್ತಿ ಮಾಯವೇ, ಅಥವಾ ಒತ್ತು ಬಂದು ಮೂಲಾಕ್ಷರ ಹೋಗಿದೆಯೇ? ಅರ್ಕಾವೊತ್ತಿನಲ್ಲಿ ಎಡವುವ ಮಕ್ಕಳು ಬಹಳ, ಏಕೆಂದರೆ ‘ಸೂರ್ಯ’ದಲ್ಲಿ ಮೊದಲು ನುಡಿಯುವ ರೇಫ ಬರಹದಲ್ಲಿ ಯಕಾರದ ಆಚೆ ಕೂತಿದೆ, ಎಡದಿಂದ ಬಲಕ್ಕೆ ನಿಯತ್ತಾಗಿ ಓದುವ ಮಗು ‘ಸೂಯರ’ ಎನ್ನುತ್ತದೆ. ಇದು ದಡ್ಡತನವಲ್ಲ, ಲಿಪಿಯ ಒಂದು ತಿರುವನ್ನು ಯಾರೂ ಬಿಡಿಸಿ ಹೇಳಿಕೊಟ್ಟಿಲ್ಲ ಅಷ್ಟೇ. ಇಂಗ್ಲಿಷ್ ಮಾಧ್ಯಮದ ಮಗುವನ್ನು ಎರಡೂ ಭಾಷೆಯಲ್ಲಿ ನೋಡಿ. ಇಂಗ್ಲಿಷಿನಲ್ಲಿ ಮಾತ್ರ ತೊಡಕು, ಕನ್ನಡ ಸಲೀಸು ಎಂದಾದರೆ ಸಮಸ್ಯೆ ಬೋಧನೆಯದು ಇರಬಹುದು.

ಚಟುವಟಿಕೆಯ ಮೂಲಕ ಕಲಿಸುವ ನಲಿ-ಕಲಿ ತರಗತಿಯಲ್ಲಾದರೆ ಕಲಿಕಾ ಏಣಿಯಲ್ಲಿ ಮಗು ಯಾವ ಮೆಟ್ಟಿಲಲ್ಲಿ ಎಷ್ಟು ವಾರದಿಂದ ನಿಂತಿದೆ ಎಂಬುದೇ ಅರ್ಧ ಮೌಲ್ಯಾಂಕನ. ಬೌದ್ಧಿಕ ಅಸಾಮರ್ಥ್ಯದ ಮಕ್ಕಳಿಗೆ ವಿಶೇಷ ಶಿಕ್ಷಕರು ಎಫ್‌ಎಸಿಪಿ ಅಥವಾ ಎಂಡಿಪಿಎಸ್ ಪಟ್ಟಿ ಬಳಸುತ್ತಾರೆ. ಊಟ, ಉಡುಪು, ಶೌಚ, ಮಾತು, ಎಣಿಕೆ ಹೀಗೆ ಒಂದೊಂದರಲ್ಲೂ ಮಗು ತಾನಾಗಿ ಮಾಡುವುದೆಷ್ಟು ಎಂದು ಅದರಲ್ಲಿ ಗುರುತಿಸುತ್ತಾರೆ. ಆ ಪಟ್ಟಿ ತುಂಬುವಾಗ ಮನೆಯವರು ಜೊತೆಗಿರಬೇಕು. ಶಾಲೆಯಲ್ಲಿ ‘ಮಾಡುವುದಿಲ್ಲ’ ಎನಿಸಿದ ಕೆಲಸವನ್ನು ಮಗು ಮನೆಯಲ್ಲಿ ದಿನಾ ಮಾಡುತ್ತಿರಬಹುದು.

ಗುರಿ ಬರೆಯುವುದು

ಐಇಪಿ ಕೆಡುವುದು ಹೆಚ್ಚಾಗಿ ಇಲ್ಲೇ. ‘ಓದುವ ಕೌಶಲ ಸುಧಾರಿಸುವುದು’, ‘ಗಮನ ಹೆಚ್ಚಿಸುವುದು’, ‘ಸಾಮಾಜಿಕ ಕೌಶಲ ಬೆಳೆಸುವುದು’ ಎಂಬ ಸಾಲುಗಳು ಕಂಡರೆ ಆ ಹಾಳೆಯಲ್ಲಿ ಮಗುವಿನ ಹೆಸರು ಬದಲಿಸಿ ಬೇರೆಯವರಿಗೂ ಕೊಟ್ಟಿದ್ದಾರೆ ಎಂದೇ ತಿಳಿಯಿರಿ. ಗುರಿಯಲ್ಲಿ ಐದು ಅಂಶ ಇರಬೇಕು: ಕಣ್ಣಿಗೆ ಕಾಣುವ ಕ್ರಿಯೆ, ಯಾವ ಸ್ಥಿತಿಯಲ್ಲಿ, ಎಷ್ಟಕ್ಕೆ ಎಷ್ಟು, ಎಷ್ಟು ಬಾರಿ, ಯಾವಾಗಿನೊಳಗೆ. ಹೀಗೆ:

‘ದಸರಾ ರಜೆಗೆ ಮುಂಚೆ, ಹಿಂದೆ ನೋಡಿರದ 20 ಸಜಾತೀಯ ಒತ್ತಿನ ಪದಗಳಲ್ಲಿ 16ನ್ನು ಯಾರ ಸುಳಿವೂ ಇಲ್ಲದೆ, ಬೇರೆ ಬೇರೆ ಮೂರು ದಿನ ಸರಿಯಾಗಿ ಓದುತ್ತಾನೆ. ಈಗಿನ ಮಟ್ಟ: 20ಕ್ಕೆ 5.’

‘ಡಿಸೆಂಬರ್ ಕೊನೆಗೆ, 10, 20, 50 ರೂಪಾಯಿ ನೋಟುಗಳನ್ನು ಕಲಸಿಟ್ಟರೆ ಕೇಳಿದ ನೋಟನ್ನು 10ರಲ್ಲಿ 9 ಸಲ ಎತ್ತಿಕೊಡುತ್ತಾಳೆ. ಈಗಿನ ಮಟ್ಟ: 10ನ್ನು ಮಾತ್ರ ಗುರುತಿಸುತ್ತಾಳೆ.’

ಒಂದು ಅವಧಿಗೆ ಇಂಥ 3 ಅಥವಾ 4 ಗುರಿ ಸಾಕು. ಹನ್ನೆರಡು ಗುರಿ ಬರೆದ ಹಾಳೆ ತಪಾಸಣೆಗೆ ಬಂದವರಿಗೆ ಚೆನ್ನಾಗಿ ಕಾಣುತ್ತದೆ, ಮಗುವಿಗೆ ಒಂದೂ ದಕ್ಕುವುದಿಲ್ಲ. ಪ್ರತಿ ಗುರಿಯ ಪಕ್ಕದಲ್ಲೇ ಯಾರು, ಯಾವ ಪೀರಿಯಡ್‌ನಲ್ಲಿ, ಎಷ್ಟು ನಿಮಿಷ ಎಂದು ಬರೆಸಿ. ಓದಿನ ಗುರಿಗೆ ವಾರಕ್ಕೆ 4 ದಿನ, ದಿನಕ್ಕೆ 20 ನಿಮಿಷ ಎಂಬುದು ಬಹುಶಿಕ್ಷಕರ ಶಾಲೆಯಲ್ಲಿ ನಡೆಸಬಹುದಾದ ಲೆಕ್ಕ. ಏಕೋಪಾಧ್ಯಾಯ ಶಾಲೆಯಲ್ಲಿ 10 ನಿಮಿಷವೇ ಸಿಕ್ಕರೂ ಬರಲಿ, ಆದರೆ ಅದು ನಿಜವಾದ 10 ಆಗಿರಲಿ. ಮಗುವಿನ ಆಟದ ಪೀರಿಯಡ್ ಕಿತ್ತು ಈ ಪಾಠಕ್ಕೆ ಹಾಕುವುದನ್ನು ಒಪ್ಪಬೇಡಿ. ಓದಿನಲ್ಲಿ ದಿನವಿಡೀ ಸೋಲುವ ಮಗು ಗೆಲ್ಲುವ ಜಾಗ ಬಹುಶಃ ಅದೊಂದೇ.

ನಡತೆಯ ಗುರಿ ಬರೆಯುವ ಮೊದಲು ಹತ್ತು ಶಾಲಾ ದಿನ ಮೂರು ಕಾಲಮಿನ ಟಿಪ್ಪಣಿ ಇಡಿಸಿ: ಮುಂಚೆ ಏನಾಯಿತು, ಮಗು ಏನು ಮಾಡಿತು, ಆಮೇಲೆ ಏನು ಸಿಕ್ಕಿತು. ಆಟಿಸಂ ಇರುವ ಮಗು ದಿನಾ ತರಗತಿ ಬಿಟ್ಟು ಓಡುತ್ತದೆ ಎಂಬ ದೂರಿನ ಹಿಂದೆ ಬಿಸಿಯೂಟದ ಗಂಟೆಯ ಸದ್ದೋ ಸಾಲಿನ ನೂಕುನುಗ್ಗಲೋ ಇರುವುದು ಟಿಪ್ಪಣಿಯಿಂದ ಹೊರಬರುತ್ತದೆ. ಆಗ ಗುರಿ ‘ಓಡದಿರುವುದು’ ಎಂದಾಗುವುದಿಲ್ಲ. ಗಂಟೆಗೆ 5 ನಿಮಿಷ ಮುಂಚೆ ಒಬ್ಬ ಗೆಳೆಯನ ಜೊತೆ ತಟ್ಟೆ ಹಿಡಿದು ಹೋಗುವುದು, ಸದ್ದು ತಡೆಯಲಾಗದಾಗ ಒಂದು ಚೀಟಿ ತೋರಿಸಿ ಹೊರಗೆ ಬರುವುದು ಎಂದಾಗುತ್ತದೆ.

ಅನುಕೂಲವೋ, ಇಳಿಕೆಯೋ

ಯೋಜನೆಯಲ್ಲಿ ಎರಡು ಪಟ್ಟಿ ಬೇರೆ ಬೇರೆ ಇರಬೇಕು. ಪಾಠ ಅದೇ, ದಾರಿ ಬೇರೆ ಎಂಬುದು ಅನುಕೂಲ: ಬಾಯಲ್ಲಿ ಉತ್ತರ, ದೊಡ್ಡ ಅಕ್ಷರದ ಪ್ರಶ್ನೆಪತ್ರಿಕೆ, ಹೆಚ್ಚು ಸಮಯ, ಬೋರ್ಡಿನ ಬದಲು ಹಾಳೆಯಿಂದ ನಕಲು. ಪಾಠವನ್ನೇ ಕಡಿಮೆ ಮಾಡುವುದು ಇಳಿಕೆ: ಐದನೇ ತರಗತಿಯಲ್ಲಿ ಕೂತು ಎರಡನೇ ತರಗತಿಯ ಗಣಿತ. ಬೌದ್ಧಿಕ ಅಸಾಮರ್ಥ್ಯದ ಮಗುವಿಗೆ ಇಳಿಕೆ ಬೇಕಾಗಬಹುದು. ಕಲಿಕಾ ನ್ಯೂನತೆ, ಶ್ರವಣದೋಷ, ದೃಷ್ಟಿದೋಷದ ಮಗುವಿಗೆ ಸಾಮಾನ್ಯವಾಗಿ ಅನುಕೂಲ ಸಾಕು. ಕರುಣೆಯಿಂದ ಪಾಠ ಇಳಿಸುತ್ತ ಹೋದರೆ ಎಂಟನೇ ತರಗತಿಯ ಹೊತ್ತಿಗೆ ಆ ಮಗು ಎಸ್‌ಎಸ್‌ಎಲ್‌ಸಿಯ ದಾರಿಯಿಂದಲೇ ಇಳಿದುಹೋಗಿರುತ್ತದೆ. ಯಾರೂ ಇದನ್ನು ಬೇಕೆಂದು ಮಾಡುವುದಿಲ್ಲ, ವರ್ಷ ವರ್ಷ ಸ್ವಲ್ಪ ಸ್ವಲ್ಪವಾಗಿ ಆಗಿಬಿಡುತ್ತದೆ.

ಅನುಕೂಲಗಳನ್ನೂ ಅಳತೆಯಲ್ಲಿ ಬರೆಸಿ. ‘ಮುಂದೆ ಕೂರಿಸುವುದು’ ಎಂದರೆ ಸಾಲದು. ಶ್ರವಣ ಸಾಧನ ಹಾಕಿದ ಮಗು ಶಿಕ್ಷಕರ ಮುಖ ಕಾಣುವ ಹಾಗೆ, ಫ್ಯಾನು ಮತ್ತು ರಸ್ತೆ ಬದಿಯ ಕಿಟಕಿಯಿಂದ ದೂರ ಕೂರಬೇಕು. ಶಿಕ್ಷಕರು ಬೋರ್ಡಿಗೆ ತಿರುಗಿ ಮಾತನಾಡಬಾರದು, ಬೆಳಕನ್ನು ಬೆನ್ನಿಗೆ ಹಾಕಿ ನಿಲ್ಲಬಾರದು. ಹೆಚ್ಚು ಸಮಯಕ್ಕೆ ಅಳತೆಗೋಲು ಬೇಕಾದರೆ, ಕೇಂದ್ರದ 2018ರ ಲಿಖಿತ ಪರೀಕ್ಷಾ ಮಾರ್ಗಸೂಚಿಯಲ್ಲಿ ಗಂಟೆಗೆ ಕನಿಷ್ಠ 20 ನಿಮಿಷ ಎಂದಿದೆ. ಅದೇ ಲೆಕ್ಕ ಹಿಡಿದರೆ 45 ನಿಮಿಷದ ರೂಪಣಾತ್ಮಕ ಪರೀಕ್ಷೆಗೆ 15 ನಿಮಿಷ ಸೇರುತ್ತದೆ. ಇದನ್ನು ಕೆಳತರಗತಿಯಿಂದಲೇ ರೂಢಿಸಿ. ಹತ್ತನೇ ತರಗತಿಯಲ್ಲಿ ಮೊದಲ ಸಲ ಸ್ಕ್ರೈಬ್ (ಮಗು ಹೇಳಿದ ಉತ್ತರ ಬರೆಯುವವರು) ಪಕ್ಕದಲ್ಲಿ ಕೂತರೆ ಮಗುವಿಗೆ ಉತ್ತರ ಹೇಳಿ ಬರೆಸುವುದೇ ಗೊತ್ತಿರುವುದಿಲ್ಲ.

ಸಭೆ, ದಾಖಲೆ, ಪರಿಶೀಲನೆ

ಜೂನ್‌ನಲ್ಲಿ ಮಟ್ಟ ನೋಡಿ, ಜುಲೈ ಮೊದಲ ವಾರ ಸಭೆ ಮಾಡಿದರೆ ದಸರಾಕ್ಕೆ ಮುಂಚೆ ಮೂರು ತಿಂಗಳ ಕೆಲಸ ಸಿಗುತ್ತದೆ. ಪರಿಶೀಲನೆ ಅಕ್ಟೋಬರ್‌ನಲ್ಲೊಮ್ಮೆ, ಜನವರಿಯಲ್ಲೊಮ್ಮೆ, ಮಾರ್ಚಿನಲ್ಲಿ ಕೊನೆಯದು. ಸಭೆಗೆ ಮುಖ್ಯ ಶಿಕ್ಷಕರು, ತರಗತಿ ಶಿಕ್ಷಕರು, ಬಿಐಇಆರ್‌ಟಿ ಇಲ್ಲವೇ ವಿಶೇಷ ಶಿಕ್ಷಕರು, ನೀವು. ಮಗು ಹತ್ತು ದಾಟಿದ್ದರೆ ಅದನ್ನೂ ಕರೆದು ‘ಯಾವುದು ಕಷ್ಟ’ ಎಂದು ಕೇಳಿ. ದೊಡ್ಡವರು ಊಹಿಸಿದ್ದಕ್ಕಿಂತ ಬೇರೆಯೇ ಉತ್ತರ ಬರುವುದುಂಟು.

ಗುರಿಗೊಂದರಂತೆ ಒಂದು ಹಾಳೆ ಸಾಕು, ವಾರಕ್ಕೊಂದು ಅಂಕಿ. ಮೂರು ವಾರ ಅಂಕಿ ಕದಲದಿದ್ದರೆ ಮೊದಲು ಕೇಳಬೇಕಾದ ಪ್ರಶ್ನೆ: ಬರೆದಷ್ಟು ನಿಮಿಷ ನಿಜವಾಗಿ ನಡೆಯಿತೇ? ಚುನಾವಣೆ ಕೆಲಸ, ತರಬೇತಿ, ಸಮೀಕ್ಷೆ ಎಂದು ಶಿಕ್ಷಕರೇ ಇಲ್ಲದ ವಾರಗಳು ಇರುತ್ತವೆ. ನಡೆದಿದ್ದೂ ಕದಲಿಲ್ಲ ಎಂದರೆ ವಿಧಾನ ಬದಲಿಸಿ, ಇಲ್ಲವೇ ಗುರಿಯನ್ನು ಇನ್ನೂ ಸಣ್ಣ ತುಂಡು ಮಾಡಿ. ಸಹಿಯಾದ ಯೋಜನೆಯ ಪ್ರತಿ ನಿಮ್ಮ ಮನೆಯಲ್ಲಿರಲಿ. ಶಿಕ್ಷಕರ ವರ್ಗಾವಣೆಯಾದಾಗ ಮೊದಲು ಕಳೆಯುವುದು ಈ ಕಡತವೇ.

ಇನ್ನೊಂದು ಚಿಕ್ಕ ಕೆಲಸ, ದೊಡ್ಡ ಪರಿಣಾಮದ್ದು: ಶಾಲೆಯವರು ಆನ್‌ಲೈನಿನಲ್ಲಿ ತುಂಬುವ ಸ್ಯಾಟ್ಸ್ (ರಾಜ್ಯದ್ದು) ಮತ್ತು ಯುಡೈಸ್ (ಕೇಂದ್ರದ್ದು) ದಾಖಲೆಯಲ್ಲಿ ಮಗುವನ್ನು ವಿಶೇಷ ಅಗತ್ಯದ ಮಗು ಎಂದು ನಮೂದಿಸಿದ್ದಾರೆಯೇ ನೋಡಿ. ಅಲ್ಲಿ ಇಲ್ಲದ ಮಗು ಸರ್ಕಾರದ ಲೆಕ್ಕದಲ್ಲೂ ಇಲ್ಲ. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಪ್ರತಿ ಮಗುವಿಗೆ ವರ್ಷಕ್ಕೆ 3,500 ರೂಪಾಯಿವರೆಗೆ ಅವಕಾಶವಿದೆ. ಅದು ಕೈಗೆ ಬರುವ ನಗದಲ್ಲ. ಸಾಧನ ಸಲಕರಣೆ, ಬ್ರೈಲ್ ಪುಸ್ತಕ, ಬೆಂಗಾವಲು ಭತ್ಯೆ ಮುಂತಾದವಕ್ಕೆ ಸೇರಿದ ಲೆಕ್ಕ. ಹೆಣ್ಣುಮಕ್ಕಳಿಗೆ ತಿಂಗಳಿಗೆ 200 ರೂಪಾಯಿಯಂತೆ 10 ತಿಂಗಳ ಭತ್ಯೆ ಬೇರೆ ಇದೆ. ಆಧಾರ್, ಶಾಲಾ ದಾಖಲೆ, ಬ್ಯಾಂಕ್ ಖಾತೆ ಮೂರರಲ್ಲೂ ಹೆಸರಿನ ಕಾಗುಣಿತ ಒಂದೇ ಇರಲಿ. ಹಣ ನಿಲ್ಲುವುದು ಬಹುಪಾಲು ಅಲ್ಲೇ.

ಕಾರ್ಡು ಮತ್ತು ಎಸ್‌ಎಸ್‌ಎಲ್‌ಸಿ

ಯುಡಿಐಡಿಗೆ ಸ್ವಾವಲಂಬನ್ ಜಾಲತಾಣದಲ್ಲಿ ಅರ್ಜಿ ಹಾಕಿ, ಆಸ್ಪತ್ರೆ ಆರಿಸಿ, ಕರೆದ ದಿನ ಹಳೆಯ ವರದಿಗಳೊಂದಿಗೆ ಹೋಗಬೇಕು. ಮಾತು–ಕೇಳುವಿಕೆಗೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ, ಕಲಿಕೆ ಮತ್ತು ನಡತೆಯ ತೊಡಕಿಗೆ ಬೆಂಗಳೂರಿನ ನಿಮ್ಹಾನ್ಸ್ ಪರಿಚಿತ ಜಾಗಗಳು. ಹತ್ತಿರದಲ್ಲೇ ಬೇಕಾದರೆ ಜಿಲ್ಲಾ ಆಸ್ಪತ್ರೆಯ ಶೀಘ್ರ ಮಧ್ಯಸ್ಥಿಕೆ ಕೇಂದ್ರದಲ್ಲಿ ವಿಚಾರಿಸಿ.

ಕಲಿಕಾ ನ್ಯೂನತೆಯ ಪ್ರಮಾಣಪತ್ರಕ್ಕೆ ವಯಸ್ಸಿನ ಲೆಕ್ಕವಿದೆ. 2018ರ ಮಾರ್ಗಸೂಚಿಯಂತೆ 8 ವರ್ಷ ತುಂಬುವ ಮೊದಲು ಸಿಗುತ್ತಿರಲಿಲ್ಲ (ಈಗಿನ ಲೆಕ್ಕವನ್ನು ಆಸ್ಪತ್ರೆಯಲ್ಲಿ ಕೇಳಿ). 14ಕ್ಕೆ ಒಮ್ಮೆ, 18ಕ್ಕೆ ಒಮ್ಮೆ ಮರುಪರೀಕ್ಷೆ ಆಗಬೇಕಿತ್ತು. 18ರಲ್ಲಿ ಕೊಟ್ಟದ್ದು ಜೀವನಪರ್ಯಂತ ನಡೆಯುತ್ತಿತ್ತು. 14 ಎಂದರೆ ಸರಿಸುಮಾರು ಒಂಬತ್ತನೇ ತರಗತಿ. ನಾಲ್ಕನೇ ತರಗತಿಯಲ್ಲಿ ಮಾಡಿಸಿದ ಪತ್ರ ನಂಬಿ ಕೂತವರು ಹತ್ತನೇ ತರಗತಿಯ ಡಿಸೆಂಬರ್‌ನಲ್ಲಿ ಆಸ್ಪತ್ರೆಯ ಸರದಿಗೆ ಓಡುತ್ತಾರೆ. ಒಂಬತ್ತರ ಬೇಸಿಗೆಯಲ್ಲೇ ಇದನ್ನು ಮುಗಿಸಿ.

ಸ್ಕ್ರೈಬ್, ಹೆಚ್ಚು ಸಮಯ, ಭಾಷೆಯ ವಿನಾಯಿತಿಗಳ ಅರ್ಜಿ ಮುಖ್ಯ ಶಿಕ್ಷಕರ ಮೂಲಕ ಪರೀಕ್ಷಾ ಮಂಡಳಿಗೆ ಹೋಗಬೇಕು. ಆ ವರ್ಷದ ಸುತ್ತೋಲೆಯ ಕೊನೆಯ ದಿನಾಂಕವನ್ನು ನೀವೇ ಕೇಳಿ ಬರೆದುಕೊಳ್ಳಿ. ಎರಡನೇ, ಮೂರನೇ ಭಾಷೆಯ ವಿನಾಯಿತಿಯ ಮಾತು ಅಧಿನಿಯಮದ 17ನೇ ಸೆಕ್ಷನ್‌ನಲ್ಲೇ ಇದೆ. ಆದರೆ ಯಾವ ಭಾಷೆ ಬಿಟ್ಟರೆ ಪಿಯುಸಿಯಲ್ಲಿ ಏನಾಗುತ್ತದೆ ಎಂದು ಎಂಟನೇ ತರಗತಿಯಲ್ಲೇ ಕೂತು ಯೋಚಿಸಿ. ಇಷ್ಟೆಲ್ಲ ಇದ್ದೂ ಆಗದು ಎನಿಸಿದರೆ ಎನ್‌ಐಒಎಸ್, ಅಂದರೆ ರಾಷ್ಟ್ರೀಯ ಮುಕ್ತ ಶಾಲೆ, ಇದೆ: 14 ವರ್ಷ ತುಂಬಿರಬೇಕು, 5 ವಿಷಯ, ಅದರಲ್ಲಿ ಒಂದು ಭಾಷೆ ಸಾಕು, ಐದು ವರ್ಷದಲ್ಲಿ ಒಂಬತ್ತು ಅವಕಾಶ. ಸೋತವರ ದಾರಿ ಎಂದು ಅದನ್ನು ಮೂಗು ಮುರಿಯುವುದರಲ್ಲಿ ಅರ್ಥವಿಲ್ಲ.

ಶಾಲೆ ಮುಖ ತಿರುಗಿಸಿದರೆ

‘ನಮ್ಮಲ್ಲಿ ಸೌಲಭ್ಯವಿಲ್ಲ, ವಿಶೇಷ ಶಾಲೆಗೆ ಸೇರಿಸಿ’ ಅಥವಾ ‘ಮನೆಯಲ್ಲೇ ಇರಲಿ, ಗೃಹಾಧಾರಿತ ಶಿಕ್ಷಣ ಕೊಡಿಸುತ್ತೇವೆ’ ಎನ್ನುವುದುಂಟು. ಗೃಹಾಧಾರಿತ ಶಿಕ್ಷಣ 2012ರ ಆರ್‌ಟಿಇ ತಿದ್ದುಪಡಿಯಿಂದ ಬಂದದ್ದು, ತೀವ್ರ ಅಥವಾ ಬಹುವಿಧ ಅಂಗವೈಕಲ್ಯದ ಮಗುವಿಗೆ ಇರುವ ಹಕ್ಕು. ಅದು ಆ ಮಗು ಮತ್ತು ಮನೆಯವರು ಮಾಡುವ ಆಯ್ಕೆಯೇ ಹೊರತು ಗಲಾಟೆ ಮಾಡುವ ಮಗುವನ್ನು ಹೊರಗಿಡಲು ಶಾಲೆಗಿರುವ ಉಪಾಯವಲ್ಲ. ನಿರಾಕರಣೆಯನ್ನು ಬರವಣಿಗೆಯಲ್ಲಿ ಕೇಳಿ. ಎಷ್ಟೋ ನಿರಾಕರಣೆಗಳು ಆ ಮಾತಿಗೇ ಮೆತ್ತಗಾಗುತ್ತವೆ. ಕೊಡದಿದ್ದರೆ ‘ಇಂಥ ದಿನ ಹೀಗೆ ಹೇಳಿದಿರಿ’ ಎಂದು ನೀವೇ ರಿಜಿಸ್ಟರ್ಡ್ ಅಂಚೆಯಲ್ಲಿ ಬರೆದು ಕಳಿಸಿ, ಸ್ವೀಕೃತಿ ಇಟ್ಟುಕೊಳ್ಳಿ. ನಂತರ ಕ್ಷೇತ್ರ ಶಿಕ್ಷಣಾಧಿಕಾರಿ, ಜಿಲ್ಲಾ ಉಪನಿರ್ದೇಶಕರು, ಕೊನೆಗೆ ಬೆಂಗಳೂರಿನಲ್ಲಿರುವ ರಾಜ್ಯ ಅಂಗವಿಕಲರ ಆಯುಕ್ತರ ಕಚೇರಿ. ಪ್ರತಿ ಹಂತದ ದೂರಿಗೂ ಮೂರೇ ಲಗತ್ತು ಸಾಕು: ಮೊದಲ ಪತ್ರದ ಸ್ವೀಕೃತಿ, ಮಗುವಿನ ಈಗಿನ ಮಟ್ಟದ ಅಂಕಿಗಳ ಹಾಳೆ, ಶಾಲೆಯ ಉತ್ತರ ಅಥವಾ ಉತ್ತರ ಬಂದಿಲ್ಲವೆಂಬ ನಿಮ್ಮ ಒಂದು ಸಾಲು.